ಝಾರಿಯಾದ ಸಂಪಾದಕ

1939ರ ಜನವರಿ 1ರಂದು ಉತ್ತರ ನೈಜೀರಿಯಾದ ಝಾರಿಯಾ ಪಟ್ಟಣದಿಂದ ಹೌಸಾ ಭಾಷೆಯ ಒಂದು ಪತ್ರಿಕೆ ಹೊರಟಿತು. ‘ಗಸ್ಕಿಯಾ ತಾ ಫಿ ಕ್ವಾಬೊ’ ಎಂಬ ಅದರ ಹೆಸರಿಗೆ ಸತ್ಯದ ಬೆಲೆ ಕ್ವಾಬೊಗಿಂತ ಹೆಚ್ಚು ಎಂದು ಅರ್ಥ. ಕ್ವಾಬೊ ಅಂದಿನ ಪೆನ್ನಿ. ದುಡ್ಡು ಬ್ರಿಟಿಷ್ ವಸಾಹತು ಸರ್ಕಾರದ್ದು, ಮೇಲ್ವಿಚಾರಣೆ ಇಂಗ್ಲಿಷ್ ಅಧಿಕಾರಿಗಳದ್ದು. ಸಂಪಾದಕರಾಗಿ ಬಂದವರು ಮಾತ್ರ ಆಗಿನ್ನೂ ಮೂವತ್ತು ದಾಟದ ಒಬ್ಬ ಶಾಲಾ ಮೇಷ್ಟರು, ಅಬೂಬಕರ್ ಇಮಾಮ್. ಇಂದು ಅವರ ಹೆಸರು ಬಂದಾಗ ಹೌಸಾ ಜನ ಮೊದಲು ನೆನೆಯುವುದು ಅವರ ಕಥಾಸಂಪುಟಗಳನ್ನು. ಶಾಲೆಯಲ್ಲಿ ಓದಿದ ಕಥೆಗಳು ತಲೆಮಾರುಗಳ ಬಾಯಲ್ಲಿ ಉಳಿದುಕೊಂಡಿವೆ. ಪತ್ರಿಕೆಯ ಕೆಲಸ ಅವರ ಬದುಕಿನ ಎರಡನೆಯ ಅಧ್ಯಾಯ, ಸಂಬಳದ ನೌಕರಿ ಎಂಬಂತೆ ಹಿಂದೆ ಸರಿಯುತ್ತದೆ. ಈ ಕ್ರಮ ತಿರುವುಮುರುವಾಗಿದೆ ಎಂಬುದು ನನ್ನ ವಾದ. ಇಮಾಮರ ದೊಡ್ಡ ಕೃತಿ ಆ ಪತ್ರಿಕೆಯೇ. ಊರಿನ, ಆಳುವವರ, ಹೊರಜಗತ್ತಿನ ಸಂಗತಿಗಳನ್ನು ಸಾಮಾನ್ಯ ಓದುಗರ ಮುಂದಿಟ್ಟು ಚರ್ಚಿಸಬಲ್ಲ ಹೌಸಾ ಗದ್ಯವೊಂದು ಅದರಲ್ಲಿ ರೂಪುಗೊಂಡಿತು. ಕಥೆಗಾರನ ಕಸುಬು ಗೊತ್ತಿದ್ದುದರಿಂದಲೇ ಅವರಿಗೆ ಆ ಗದ್ಯ ಸಾಧ್ಯವಾಯಿತು.

ಇದನ್ನು ಹೇಳುವ ಮುಂಚೆ ಒಂದು ತಪ್ಪು ಗ್ರಹಿಕೆಯನ್ನು ಬದಿಗಿಡಬೇಕು. ಬ್ರಿಟಿಷರು ಬರುವ ಮುನ್ನ ಹೌಸಾ ನಾಡು ಅಕ್ಷರ ಕಾಣದ ನಾಡಾಗಿರಲಿಲ್ಲ. 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಆರಂಭಿಸಿದ ಧಾರ್ಮಿಕ ಸುಧಾರಣೆಯ ಯುದ್ಧದಿಂದ ಸೊಕೊಟೊ ರಾಜ್ಯ ಹುಟ್ಟಿತು. ಅದರ ಪಂಡಿತರು ಅರಬ್ಬಿಯಲ್ಲಿ ಗ್ರಂಥಗಳನ್ನು ಬರೆದರು. ಹೌಸಾವನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ‘ಅಜಮಿ’ ರೂಢಿಯಲ್ಲಿ ಪದ್ಯಗಳನ್ನು ಕಟ್ಟಿದರು. ದಾನ್ ಫೋದಿಯೊನ ಮಗಳು ನಾನಾ ಅಸ್ಮಾವು ಹೌಸಾ, ಫುಲ್ಫುಲ್ಡೆ, ಅರಬ್ಬಿ ಮೂರರಲ್ಲೂ ಪದ್ಯ ರಚಿಸಿ, ಹೆಂಗಸರಿಗೆ ಪಾಠ ಹೇಳುವ ದೊಡ್ಡ ಜಾಲವನ್ನೇ ಬೆಳೆಸಿದಳು. 1903ರಲ್ಲಿ ಕಾನೊ, ಸೊಕೊಟೊ ನಗರಗಳು ಬ್ರಿಟಿಷರ ವಶವಾದ ಮೇಲೆ ಆಡಳಿತ ಎಮಿರರೆಂಬ ಸ್ಥಳೀಯ ದೊರೆಗಳ ಮೂಲಕವೇ ನಡೆಯಿತು, ಆದರೆ ಕಚೇರಿಯ ಲಿಪಿ ಬದಲಾಯಿತು. ರೋಮನ್ ಲಿಪಿಯಲ್ಲಿ ಹೌಸಾ ಬರೆಯುವುದು ಸರ್ಕಾರಿ ಶಾಲೆಯ ಪಾಠವಾಯಿತು. ಜನ ಆ ಹೊಸ ವಿದ್ಯೆಯನ್ನು ‘ಬೋಕೊ’ ಎಂದು ಕರೆದರು. ಮಲ್ಲಮರೆಂಬ ಧರ್ಮಪಂಡಿತರ ಮನೆಯಂಗಳದಲ್ಲಿ ಕುರಾನು ಕಲಿತವರು ಸಾವಿರಾರು ಮಂದಿ, ಸರ್ಕಾರಿ ಶಾಲೆಗೆ ಹೋದವರು ಬೆರಳೆಣಿಕೆಯಷ್ಟು. ಹೀಗಾಗಿ ರೋಮನ್ ಲಿಪಿಯ ಹೌಸಾಕ್ಕೆ ಪಠ್ಯಪುಸ್ತಕಗಳಿದ್ದವು, ಸುತ್ತೋಲೆಗಳಿದ್ದವು. ಆಸೆಪಟ್ಟು ಕೈಗೆತ್ತಿಕೊಂಡು ಓದುವ ಸಾಮಗ್ರಿ ಮಾತ್ರ ಇರಲಿಲ್ಲ.

ಈ ಕೊರತೆ ರೂಪರ್ಟ್ ಈಸ್ಟ್ ಎಂಬ ಶಿಕ್ಷಣಾಧಿಕಾರಿಯನ್ನು ಕಾಡಿತು. ಝಾರಿಯಾದಲ್ಲಿದ್ದ ಸರ್ಕಾರಿ ಅನುವಾದ ಕಚೇರಿ ಅವರ ಕೈಯಲ್ಲಿತ್ತು. ಅವರು 1933ರಲ್ಲಿ ಹೌಸಾ ಕಾದಂಬರಿ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಕಲ್ಪಿತ ಕಥೆಯನ್ನು ಗದ್ಯದಲ್ಲಿ ಬರೆಯುವುದೆಂದರೆ ಅಂದಿನ ವಿದ್ವಾಂಸರ ಕಣ್ಣಿಗೆ ಹೊತ್ತು ಕಳೆಯುವ ಕೆಲಸ. ಬರಹವೆಂದರೆ ಧರ್ಮದ್ದು, ನೀತಿಯದು. ಆ ಹಿಂಜರಿಕೆಯ ನಡುವೆಯೂ ಸ್ಪರ್ಧೆಯಿಂದ ಐದು ಪುಸ್ತಕಗಳು ಅಚ್ಚಾದವು. ‘ಶೇಹು ಉಮರ್’ ಬರೆದ ಅಬೂಬಕರ್ ತಫಾವಾ ಬಲೇವಾ ಮುಂದೆ ಸ್ವತಂತ್ರ ನೈಜೀರಿಯಾದ ಪ್ರಧಾನಿಯಾದರು. ‘ಗಂದೋಕಿ’ ಬರೆದ ಬೆಲ್ಲೊ ಕಾಗರಾ ಇಮಾಮರ ಅಣ್ಣ. ಇಮಾಮರು ಬರೆದದ್ದು ‘ರುವಾನ್ ಬಗಾಜಾ’, ಕಾಯಿಲೆ ವಾಸಿಮಾಡುವ ನೀರನ್ನು ಹುಡುಕುತ್ತ ಊರೂರು ಅಲೆಯುವ ಚತುರನೊಬ್ಬನ ಕಥೆ. ಅರಬ್ಬಿಯ ಮಕಾಮಾತ್ ಕಥನಗಳ ಜಾಡು ಅದರಲ್ಲಿ ಕಾಣುತ್ತದೆ, ಮಾತಿನ ಚುರುಕು ಮಾತ್ರ ಅಪ್ಪಟ ಹೌಸಾ ಸಂತೆಯದು. 1911ರಲ್ಲಿ ಕಾಗರಾ ಊರಿನಲ್ಲಿ ಹುಟ್ಟಿ, ಉತ್ತರದ ಅಧಿಕಾರಿವರ್ಗವನ್ನೇ ತಯಾರುಮಾಡಿದ ಕತ್ಸಿನಾ ಕಾಲೇಜಿನಲ್ಲಿ ಓದಿ, ಕತ್ಸಿನಾದ್ದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯುವಕನ ಮೇಲೆ ಈಸ್ಟರ ಕಣ್ಣು ಬಿದ್ದದ್ದು ಹೀಗೆ.

ಈಸ್ಟ್ ಇಮಾಮರನ್ನು ಝಾರಿಯಾಕ್ಕೆ ಕರೆಸಿಕೊಂಡರು. ಗ್ರಿಮ್ ಸೋದರರ ಕಥೆಗಳು, ಆಂಡರ್ಸನ್, ಅರೇಬಿಯನ್ ನೈಟ್ಸ್ ಹೀಗೆ ನಾನಾ ದೇಶಗಳ ಕಥಾಸಂಗ್ರಹಗಳನ್ನು ಮುಂದಿಟ್ಟು ಹೌಸಾದಲ್ಲಿ ಕಥೆ ಬರೆಯಲು ಕೂರಿಸಿದರು. ಹುಟ್ಟಿದ್ದು ಮೂರು ಸಂಪುಟಗಳ ‘ಮಗಾನಾ ಜಾರಿ ಚೆ’. ಕನ್ನಡದ ಓದುಗರಿಗೆ ಈ ಪುಸ್ತಕದ ಚೌಕಟ್ಟು ಹೊಸದಲ್ಲ. ಒಂದು ಗಿಳಿ ರಾಜಕುಮಾರನಿಗೆ ಕಥೆಯ ಮೇಲೆ ಕಥೆ ಹೇಳುತ್ತ, ಅವನು ರಣರಂಗಕ್ಕೆ ಹೊರಟುಹೋಗದಂತೆ ಅರಮನೆಯಲ್ಲೇ ತಡೆದು ನಿಲ್ಲಿಸುತ್ತದೆ. ಸಂಸ್ಕೃತದ ‘ಶುಕಸಪ್ತತಿ’ಯಲ್ಲಿ ಗಿಳಿ ಕಥೆ ಹೇಳುವುದು ಪ್ರಭಾವತಿಗೆ, ಗಂಡ ಊರಲ್ಲಿಲ್ಲದಾಗ ಅವಳು ಮನೆಯ ಹೊಸ್ತಿಲು ದಾಟದಿರಲೆಂದು. ಹದಿನಾಲ್ಕನೆಯ ಶತಮಾನದಲ್ಲಿ ಬದಾಯೂಂನಲ್ಲಿ ನೆಲೆಸಿದ್ದ ಜಿಯಾಉದ್ದೀನ್ ನಖ್ಶಬೀ ಆ ಬಗೆಯ ಕಥೆಗಳನ್ನು ಪಾರಸಿಯಲ್ಲಿ ‘ತೂತಿನಾಮಾ’ ಎಂದು ಬರೆದ. ಅಲ್ಲಿಂದ ಅದು ಇಸ್ಲಾಮಿ ಜಗತ್ತಿನ ಭಾಷೆಗಳಲ್ಲಿ ಹರಡಿತು. ಸಹಾರಾದ ದಕ್ಷಿಣಕ್ಕೆ ಬಂದ ಹೊತ್ತಿಗೆ ಕೇಳುವವಳ ಜಾಗದಲ್ಲಿ ರಾಜಕುಮಾರ ಬಂದಿದ್ದಾನೆ, ಪ್ರಿಯಕರನ ಜಾಗದಲ್ಲಿ ಯುದ್ಧ ಬಂದಿದೆ. ಗಿಳಿ ಮಾತ್ರ ಅದೇ. ಭಾರತದಿಂದ ಹೊರಟ ಕಥೆಯೊಂದು ಹೌಸಾ ಮಕ್ಕಳ ಪಾಠವಾದ ಈ ಪಯಣ ನಮಗೆ ತೀರ ಹತ್ತಿರದ್ದು, ಇಮಾಮರನ್ನು ಕನ್ನಡದಲ್ಲಿ ನೆನೆಯಲು ಅದೊಂದು ಕಾರಣವೂ ಹೌದು.

ಎರವಲಿನ ಸಾಮಗ್ರಿಯನ್ನು ಹಿಡಿದು ಇಮಾಮರನ್ನು ಬರಿಯ ಅನುವಾದಕರೆಂದು ಪಕ್ಕಕ್ಕೆ ಸರಿಸುವವರಿದ್ದಾರೆ. ಅವರಿಗೆ ಉತ್ತರವಾಗಿ ನಾನು ದುರ್ಗಸಿಂಹನನ್ನು ಕರೆತರುತ್ತೇನೆ. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯರ ಆಸ್ಥಾನದಲ್ಲಿದ್ದ ಅವನು ವಸುಭಾಗಭಟ್ಟನ ಕೃತಿಯನ್ನು ಆಧರಿಸಿ ಪಂಚತಂತ್ರವನ್ನು ಕನ್ನಡಿಸಿದಾಗ, ಕಥೆ ಯಾರದ್ದೆಂದು ಯಾರೂ ಲೆಕ್ಕ ಕೇಳಲಿಲ್ಲ. ಕನ್ನಡ ಗದ್ಯಪದ್ಯಕ್ಕೆ ಅವನು ತಂದ ನಡೆ ಯಾವುದೆಂದು ನಾವು ಕೇಳುತ್ತೇವೆ. ಇಮಾಮರ ಬಗೆಗೂ ಕೇಳಬೇಕಾದದ್ದು ಅದೇ. ಅವರು ಮಾಡಿದ್ದು ಊರು, ಉಡುಪು, ಊಟ, ಬೈಗುಳ, ಹರಕೆ ಎಲ್ಲವನ್ನೂ ಹೌಸಾ ಮಾಡುವ ಕೆಲಸ. ಜರ್ಮನಿಯ ಕಾಡಿನ ಕಥೆ ಕಾನೊದ ಹೊರವಲಯದಲ್ಲಿ ನಡೆದಂತೆ ಕೇಳಬೇಕು, ಗೊತ್ತಿಲ್ಲದವನಿಗೆ ಅನುಮಾನ ಬರಬಾರದು. ಇದಕ್ಕೆ ಬೇಕಾದ ಶಿಸ್ತು ಕಡಿಮೆಯದಲ್ಲ. ಬರೆಯುವವನು ಪ್ರತಿ ವಾಕ್ಯವನ್ನೂ ಕೇಳುವವನ ಕಿವಿಯಲ್ಲಿ ಕೂತು ಪರೀಕ್ಷಿಸಬೇಕು. ಎಲ್ಲಿ ಅವನು ಆಕಳಿಸುತ್ತಾನೆ, ಎಲ್ಲಿ ‘ಇದೇನು?’ ಎನ್ನುತ್ತಾನೆ, ಎಲ್ಲಿ ನಂಬುವುದಿಲ್ಲ ಎಂಬುದು ಗೊತ್ತಿರಬೇಕು.

ಪತ್ರಿಕೆಗೆ ಬೇಕಾಗಿದ್ದದ್ದೂ ಇದೇ ಶಿಸ್ತು. ಗಸ್ಕಿಯಾಕ್ಕಿಂತ ಮುಂಚೆ ಉತ್ತರದಲ್ಲಿ ಸರ್ಕಾರದ ಸುದ್ದಿಪತ್ರವೊಂದಿತ್ತು. ಇಂಗ್ಲಿಷ್, ಅರಬ್ಬಿ, ಹೌಸಾ ಮೂರರಲ್ಲೂ ಬರುತ್ತಿದ್ದ ಅದು ಹೇಳಬೇಕಾದುದನ್ನು ಮೇಲಿನಿಂದ ಹೇಳಿ ಸುಮ್ಮನಾಗುತ್ತಿತ್ತು. ಜನರ ಮನಸ್ಸಿಗೆ ಅದು ಇಳಿಯಲಿಲ್ಲ. ಗಸ್ಕಿಯಾ ಬಂದಾಗ ಅದನ್ನು ಓದಬಲ್ಲವರು ಕಡಿಮೆ, ಕೇಳಬಲ್ಲವರು ಬಹಳ. ಅಕ್ಷರ ಬಲ್ಲ ಒಬ್ಬ ಗುಮಾಸ್ತನೋ ಮೇಷ್ಟರೋ ಓದಿದರೆ ಸುತ್ತ ಕೂತವರು ಕೇಳುತ್ತಾರೆ. ಹಾಗೆ ಗಟ್ಟಿಯಾಗಿ ಓದಿಸಿಕೊಳ್ಳುವ ವರದಿಯಲ್ಲಿ ಉದ್ದನೆಯ ಸರ್ಕಾರಿ ವಾಕ್ಯ ಉಸಿರು ಕಟ್ಟಿಸುತ್ತದೆ, ಇಂಗ್ಲಿಷಿನ ಜಾಡಿನಲ್ಲಿ ನಡೆದ ಹೌಸಾ ಮುಗ್ಗರಿಸುತ್ತದೆ. ಬಂದ ಸುದ್ದಿಯೂ ಹಳೆಯ ಮಾತಿನಲ್ಲಿ ಹೇಳಬರುವಂಥದ್ದಲ್ಲ. ಪತ್ರಿಕೆ ಹುಟ್ಟಿದ ಎಂಟೇ ತಿಂಗಳಿಗೆ ಎರಡನೆಯ ಮಹಾಯುದ್ಧ ಶುರುವಾಯಿತು. ಯುದ್ಧನೌಕೆ, ಬಾಂಬು, ಒಪ್ಪಂದ, ಸಂಸತ್ತು, ಕಾರ್ಖಾನೆ ಎಲ್ಲಕ್ಕೂ ಹೆಸರು ಬೇಕಾಯಿತು. ಕೆಲವನ್ನು ಮಲ್ಲಮರಿಗೆ ಪರಿಚಿತವಾದ ಅರಬ್ಬಿಯಿಂದ ತಂದರು, ಕೆಲವು ಇಂಗ್ಲಿಷ್ ಶಬ್ದಗಳನ್ನು ಹೌಸಾ ನಾಲಿಗೆಗೆ ಬಗ್ಗಿಸಿದರು, ಕೆಲವನ್ನು ಹಳೆಯ ಹೌಸಾ ಪದಗಳನ್ನೇ ಜೋಡಿಸಿ ಮಾಡಿಕೊಂಡರು. ಈ ಆಯ್ಕೆಗಳಲ್ಲಿ ಯಾವುದು ಜನರ ಬಾಯಿಗೆ ಹತ್ತುತ್ತದೆಂದು ಮೊದಲೇ ಹೇಳಲು ಪಾಂಡಿತ್ಯ ಸಾಲದು, ಕಿವಿ ಬೇಕು. ಮುಂದೆ ಬರ್ಮಾದಲ್ಲಿ ಜಪಾನೀ ಸೇನೆಯ ಎದುರು ಹೋರಾಡಿದ ಪಶ್ಚಿಮ ಆಫ್ರಿಕಾದ ಎರಡು ಡಿವಿಷನ್ನುಗಳಲ್ಲಿ ಹೌಸಾ ಮಾತಾಡುವ ಸಿಪಾಯಿಗಳು ಬಹುಸಂಖ್ಯೆಯಲ್ಲಿದ್ದರು. ಅವರ ಊರಿನವರಿಗೆ ಆ ದೂರದ ಯುದ್ಧ ತಮ್ಮ ಮನೆಯ ಸಂಗತಿಯೂ ಆಗಿತ್ತು. ಅದನ್ನು ಅವರ ನುಡಿಯಲ್ಲೇ ತಿಳಿಸುವ ಹೊಣೆ ಝಾರಿಯಾದ ಮೇಜಿನ ಮೇಲಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಸರ್ಕಾರ ದುಡ್ಡು ಕೊಟ್ಟು ಹೊರಡಿಸಿದ ಪತ್ರಿಕೆ ಪತ್ರಿಕೆಯೇ? ದಕ್ಷಿಣದಲ್ಲಿ ಆಗಲೇ ಬೇರೆಯ ಪರಂಪರೆಯಿತ್ತು. ಅಬೆಯೊಕುಟಾದಲ್ಲಿ 1859ರಲ್ಲೇ ಯೊರುಬಾ ಭಾಷೆಯ ‘ಇವೆ ಇರೋಹಿನ್’ ಹೊರಟಿತ್ತು. ಲಾಗೋಸಿನ ಇಂಗ್ಲಿಷ್ ಪತ್ರಿಕೆಗಳು ಗವರ್ನರರನ್ನು ಹೆಸರು ಹಿಡಿದು ಟೀಕಿಸುತ್ತಿದ್ದವು. 1937ರಲ್ಲಿ ನಾಮ್ದಿ ಅಜಿಕಿವೆ ಆರಂಭಿಸಿದ ‘ವೆಸ್ಟ್ ಆಫ್ರಿಕನ್ ಪೈಲಟ್’ ರಾಷ್ಟ್ರೀಯ ಚಳವಳಿಯ ಕೊಂಬುಕಹಳೆಯಾಗಿತ್ತು. ಆ ದನಿ ಉತ್ತರಕ್ಕೆ ಹಬ್ಬುವ ಮುನ್ನ ಅಲ್ಲಿನ ಓದುಗರನ್ನು ತನ್ನ ಕಡೆ ಇಟ್ಟುಕೊಳ್ಳಬೇಕೆಂಬ ಲೆಕ್ಕಾಚಾರ ಅಧಿಕಾರಿಗಳಿಗೆ ಇತ್ತು, ಇದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಯುದ್ಧಕಾಲದಲ್ಲಿ ಗಸ್ಕಿಯಾ ಬ್ರಿಟನ್ನಿನ ಪರವಾಗಿಯೇ ಬರೆಯಿತು. ಎಮಿರರ ವಿರುದ್ಧ ಅದು ಸಿಡಿಲಿನಂತೆ ಎರಗಲಿಲ್ಲ. ಪೈಲಟ್ ಪತ್ರಿಕೆಯ ಅಳತೆಗೋಲಿನಿಂದ ಅಳೆದರೆ ಇಮಾಮರು ಗಿಡ್ಡರಾಗಿಯೇ ಕಾಣುತ್ತಾರೆ.

ಆದರೆ ಆ ಅಳತೆಗೋಲು ಒಂದನ್ನು ಮರೆಸುತ್ತದೆ. ಪೈಲಟ್ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಆಗಲೇ ಸಿದ್ಧವಾಗಿದ್ದ ಓದುಗವರ್ಗಕ್ಕೆ. ಗಸ್ಕಿಯಾ ಓದುಗವರ್ಗವನ್ನೇ ಹುಟ್ಟಿಸಬೇಕಿತ್ತು, ಹುಟ್ಟಿಸಿತು. ಓದುಗರು ಬರೆದ ಕಾಗದಗಳಿಗೂ ಪದ್ಯಗಳಿಗೂ ಅದು ಜಾಗ ಕೊಟ್ಟಿತು. ಎಮಿರನ ಮುಂದೆ ಬಾಗಿ ಕೂತು ಅಹವಾಲು ಹೇಳಿಕೊಳ್ಳುವುದಷ್ಟೇ ಗೊತ್ತಿದ್ದ ಸಮಾಜದಲ್ಲಿ, ಒಬ್ಬ ಸಾಮಾನ್ಯ ತನ್ನ ಹೆಸರು ಹಾಕಿ ನಾಡಿಗೆಲ್ಲ ಕೇಳುವಂತೆ ಬರೆದ ಎಂಬುದೇ ದೊಡ್ಡ ಬದಲಾವಣೆ. ಅವನು ಬರೆದದ್ದು ಬಂಡಾಯದ ಮಾತಾಗಿರಲಿಕ್ಕಿಲ್ಲ, ರಸ್ತೆಯ ಬಗೆಗೋ ಶಾಲೆಯ ಬಗೆಗೋ ಮದುವೆಯ ದುಂದುವೆಚ್ಚದ ಬಗೆಗೋ ಇರಬಹುದು. ಪರಿಚಯವೇ ಇಲ್ಲದ ಇನ್ನೊಂದು ಪಟ್ಟಣದವನು ಅದನ್ನು ಓದಿ ಒಪ್ಪಬಹುದು, ಜಗಳಕ್ಕೂ ನಿಲ್ಲಬಹುದು. ರಾಜಕೀಯ ಪಕ್ಷಗಳು ಹುಟ್ಟುವ ಮುನ್ನವೇ ಉತ್ತರ ನೈಜೀರಿಯಾದಲ್ಲಿ ಇಂಥದೊಂದು ಮಾತುಕತೆ ಸಾಧ್ಯವಾಗಿತ್ತು ಎಂಬುದರ ಮಹತ್ವ ಸಂಪಾದಕೀಯದ ಗುಡುಗಿಗಿಂತ ಕಡಿಮೆಯೆಂದು ನನಗೆ ಅನ್ನಿಸುವುದಿಲ್ಲ.

ಇಮಾಮರು ಅಧಿಕಾರದ ಮುಂದೆ ಮಾತು ನುಂಗುವವರಾಗಿರಲಿಲ್ಲ ಎಂಬುದಕ್ಕೂ ಪುರಾವೆಯಿದೆ. 1943ರಲ್ಲಿ ಪಶ್ಚಿಮ ಆಫ್ರಿಕಾದ ಎಂಟು ಪತ್ರಕರ್ತರ ನಿಯೋಗವೊಂದು ಬ್ರಿಟನ್ನಿಗೆ ಹೋಯಿತು. ಅಜಿಕಿವೆಯವರೂ ಅದರಲ್ಲಿದ್ದರು, ಉತ್ತರದ ಪರವಾಗಿ ಇಮಾಮರಿದ್ದರು. ಆ ಪ್ರವಾಸದಲ್ಲಿ ಅವರು ವೃದ್ಧ ಲಾರ್ಡ್ ಲುಗಾರ್ಡರನ್ನು ಕಂಡರು. ನಾಲ್ಕು ದಶಕಗಳ ಹಿಂದೆ ಕಾನೊ, ಸೊಕೊಟೊಗಳನ್ನು ಗೆದ್ದು ಆಡಳಿತದ ಚೌಕಟ್ಟನ್ನು ಹಾಕಿಕೊಟ್ಟ ಮನುಷ್ಯ ಅದೇ ಲುಗಾರ್ಡ್. ಆತನ ಮುಂದೆ ಕೂತು ಸರ್ಕಾರಿ ಪತ್ರಿಕೆಯ ಸಂಪಾದಕರು ಹೊಗಳಿಕೆಯ ನಾಲ್ಕು ಮಾತಾಡಿ ಬರಲಿಲ್ಲ. ಅಧಿಕಾರಿಗಳಿಗೂ ಜನರಿಗೂ ನಡುವೆ ಬೆಳೆದ ಅಂತರವನ್ನೂ, ಅವರ ನಡವಳಿಕೆಯ ತಾತ್ಸಾರವನ್ನೂ, ಉತ್ತರದವರ ಕುಂದುಕೊರತೆಗಳನ್ನೂ ತೆರೆದಿಟ್ಟರು. ಆ ಭೇಟಿಯ ವಿವರವನ್ನು ಬರೆದೂ ಇಟ್ಟರು. ಪ್ರವಾಸದ ಅನುಭವವನ್ನು ‘ತಾಫಿಯಾ ಮಬುದಿನ್ ಇಲ್ಮಿ’ ಎಂಬ ಪುಸ್ತಕವಾಗಿ ಹೌಸಾದ ಓದುಗರಿಗೆ ಕೊಟ್ಟರು. ಆಳುವವರ ದೇಶವನ್ನು ಆಳಿಸಿಕೊಂಡವನೊಬ್ಬ ನೋಡಿ, ತನ್ನವರಿಗೆ ತನ್ನ ನುಡಿಯಲ್ಲಿ ವರದಿ ಮಾಡುವುದೆಂದರೆ ಅಲ್ಲಿಯವರೆಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದ ನೋಟ ಹಿಂದಿರುಗಿದಂತೆ. ಇದು ಸರ್ಕಾರ ಕೊಟ್ಟ ಹಣದಲ್ಲೇ ಆಯಿತು ಎಂಬುದು ನಿಜ. ಕೊಟ್ಟವರು ಬಯಸಿದ್ದಷ್ಟೇ ಆಯಿತು ಎಂಬುದು ನಿಜವಲ್ಲ.

ಎರಡನೆಯ ಆಕ್ಷೇಪ ಲಿಪಿಯದು, ನನ್ನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಭಾರವಾದದ್ದು. ರೋಮನ್ ಲಿಪಿಯ ಪತ್ರಿಕೆ ಗೆದ್ದಷ್ಟೂ ಅಜಮಿ ಬಲ್ಲವರು ‘ಅನಕ್ಷರಸ್ಥ’ರಾದರು. ಕುರಾನನ್ನು ಓದಿ, ಅಜಮಿಯಲ್ಲಿ ಕಾಗದ ಬರೆದು, ವ್ಯಾಪಾರದ ಲೆಕ್ಕವಿಡುತ್ತಿದ್ದ ಮನುಷ್ಯನನ್ನು ಹೊಸ ಜನಗಣತಿ ಬೇರೆ ಕಂಬಸಾಲಿಗೆ ತಳ್ಳಿತು. 1945ರಲ್ಲಿ ಈಸ್ಟರ ನೇತೃತ್ವದಲ್ಲಿ ಗಸ್ಕಿಯಾ ಕಾರ್ಪೊರೇಷನ್ ಸ್ಥಾಪನೆಯಾಗಿ, ಪತ್ರಿಕೆ, ಪುಸ್ತಕ, ಪಠ್ಯ ಎಲ್ಲವೂ ಒಂದೇ ಸೂರಿನಡಿ ಬಂದಾಗ ಈ ಪಲ್ಲಟ ಇನ್ನಷ್ಟು ಗಟ್ಟಿಯಾಯಿತು. ಅಲ್ಲಿ ಬಳಸಿದ ಕಾಗುಣಿತವೇ ಪ್ರಮಾಣವಾಯಿತು, ಕಾನೊದ ನುಡಿಗೆ ಮನ್ನಣೆ ಸಿಕ್ಕಿತು, ಸೊಕೊಟೊದ ಕಾವ್ಯಭಾಷೆ ಹಿಂದೆ ಬಿತ್ತು. ಈ ನಷ್ಟವನ್ನು ಇಮಾಮರ ಮೇಲಿನ ಗೌರವ ಮುಚ್ಚಬಾರದು. ಆದರೂ ಲಿಪಿಯ ತೀರ್ಮಾನ ಅವರು ಹುಟ್ಟುವ ಹೊತ್ತಿಗೆ ಆಗಿಹೋಗಿತ್ತು. ಮಲ್ಲಮರ ವಿದ್ಯೆ ಇದ್ದ ಮನೆಯಲ್ಲಿ ಬೆಳೆದು, ಬೋಕೊ ಶಾಲೆಯಲ್ಲಿ ಓದಿದ ಅವರ ಮುಂದಿದ್ದ ಪ್ರಶ್ನೆ ಬೇರೆ: ಈ ಹೊಸ ಲಿಪಿ ಬರಿಯ ಕಚೇರಿಯ ಸುತ್ತೋಲೆಗೆ ಸೀಮಿತವಾಗಬೇಕೋ, ಅಥವಾ ಹಳೆಯ ವಿದ್ಯೆಯ ಗಾದೆ, ದೃಷ್ಟಾಂತ, ಕಥನಗಳೂ ಅದರಲ್ಲಿ ಬಾಳಬೇಕೋ? ಅವರ ಗದ್ಯದಲ್ಲಿ ಅರಬ್ಬಿ ಮೂಲದ ನುಡಿಗಟ್ಟುಗಳೂ ಮಲ್ಲಮರ ವಾದದ ವರಸೆಯೂ ಸಲೀಸಾಗಿ ನಡೆದಾಡುತ್ತವೆ. ಸಾಮಾನ್ಯ ಶಾಲಾ ಪುಸ್ತಕದ ಬೋಕೊ ಹೌಸಾದಲ್ಲಿ ಅವು ಇರಲಿಲ್ಲ. ಅಜಮಿಯನ್ನು ಅವರು ಉಳಿಸಲಿಲ್ಲ. ಅಜಮಿ ಬೆಳೆಸಿದ್ದ ಮನಸ್ಸಿನ ಒಂದು ಪಾಲನ್ನು ಹೊಸ ಅಕ್ಷರಕ್ಕೆ ದಾಟಿಸಿದರು.

ಮೂರನೆಯ ಆಕ್ಷೇಪ ಇಮಾಮರ ರಾಜಕೀಯದ್ದು. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ನಲವತ್ತರ ದಶಕದ ಕೊನೆಗೆ ಸ್ವಾತಂತ್ರ್ಯ ಕಣ್ಣಳತೆಗೆ ಬಂದಾಗ ಉತ್ತರದ ವಿದ್ಯಾವಂತರನ್ನು ಒಂದು ಭಯ ಹಿಡಿಯಿತು. ಇಂಗ್ಲಿಷ್ ಶಿಕ್ಷಣದಲ್ಲಿ ಬಹಳ ಮುಂದಿದ್ದ ದಕ್ಷಿಣದವರು ಬಿಳಿಯರು ಬಿಟ್ಟುಹೋದ ಕುರ್ಚಿಗಳನ್ನೆಲ್ಲ ಹಿಡಿದರೆ ನಮ್ಮ ಗತಿಯೇನು ಎಂದು. 1950ರಲ್ಲಿ ಗಸ್ಕಿಯಾ ಈ ಭಯವನ್ನು ಬಿಚ್ಚುಮಾತಿನಲ್ಲೇ ಬರೆಯಿತು. ಓದಿ, ಎಚ್ಚೆತ್ತುಕೊಳ್ಳಿ ಎಂಬುದು ಅದರ ಒಂದು ಮುಖ. ನೆರೆಯವರ ಮೇಲಿನ ಅನುಮಾನ ಇನ್ನೊಂದು ಮುಖ. ಇಮಾಮರು ನಾರ್ದರ್ನ್ ಪೀಪಲ್ಸ್ ಕಾಂಗ್ರೆಸ್ಸಿನ ಕಡೆ ನಿಂತರು. ಎಮಿರರ ಪ್ರಭಾವ ಗಾಢವಾಗಿದ್ದ ಪಕ್ಷ ಅದು. ಅದನ್ನು ಎದುರಿಸಿ 1950ರಲ್ಲಿ ಕಾನೊದಲ್ಲಿ ಹುಟ್ಟಿದ ಸುಧಾರಣಾವಾದಿ ಪಕ್ಷಕ್ಕೆ ಮುಂದಾಳಾದ ಅಮೀನು ಕಾನೊ ತಲಕಾವಾ ಎಂಬ ಬಡ ಪ್ರಜೆಗಳ ಪರವಾಗಿ ಮಾತಾಡಿದರು. ಕವಿ ಸಆದು ಝುಂಗುರರ ಒಲವೂ ಆ ಕಡೆಗಿತ್ತು. ಇಂದು ಹಿಂತಿರುಗಿ ನೋಡಿದಾಗ ನ್ಯಾಯದ ಪಕ್ಷ ಯಾವುದಿತ್ತೆಂದು ಹೇಳುವುದು ನನಗೆ ಕಷ್ಟವಲ್ಲ, ಅದು ಇಮಾಮರು ನಿಂತ ಪಕ್ಷವಲ್ಲ. ಹಾಗಿದ್ದೂ ಅಮೀನು ಕಾನೊರ ಸಭೆಗಳಲ್ಲಿ ಕೇಳಿದ ಹೌಸಾ, ಅವರ ಪಕ್ಷದ ಪದ್ಯಗಳ ಹೌಸಾ, ಆ ಪದ್ಯಗಳನ್ನು ಓದಿಕೊಂಡ ಕಾರ್ಯಕರ್ತ ಇವರೆಲ್ಲರ ಹಿಂದೆ ಒಂದು ದಶಕದ ಪತ್ರಿಕಾ ಓದು ಇತ್ತು. ಪತ್ರಿಕೆ ಬೆಳೆಸಿದ ಗದ್ಯ ಅದರ ಸಂಪಾದಕನ ರಾಜಕೀಯಕ್ಕೆ ಮಾತ್ರ ದುಡಿಯಲಿಲ್ಲ, ಅವನ ಎದುರಾಳಿಗಳಿಗೂ ದುಡಿಯಿತು. ಒಬ್ಬ ಪತ್ರಕರ್ತನ ಭಾಷಾಕಾರ್ಯವನ್ನು ಅವನ ಪಕ್ಷದಿಂದ ಬಿಡಿಸಿ ನೋಡಲು ಇದಕ್ಕಿಂತ ಬೇರೆ ಕಾರಣ ಬೇಡ.

ಐವತ್ತರ ದಶಕದಲ್ಲಿ ಇಮಾಮರು ಸಂಪಾದಕ ಸ್ಥಾನದಿಂದ ಆಚೆ ನಡೆದರು. ಶಾಸನಸಭೆ, ಪ್ರಕಟಣಾ ಸಂಸ್ಥೆ, ಸರ್ಕಾರಿ ಆಯೋಗಗಳ ಕೆಲಸ ಅವರನ್ನು ಸೆಳೆಯಿತು. ಎಪ್ಪತ್ತರ ದಶಕದಲ್ಲಿ ಸಾರ್ವಜನಿಕ ದೂರುಗಳ ಆಯುಕ್ತರಾದರು. ಜನರ ಅಹವಾಲಿನ ಕಾಗದಗಳನ್ನು ಓದುವ ಆ ಕೆಲಸ ಹಳೆಯ ಸಂಪಾದಕನಿಗೆ ಅಪರಿಚಿತವಾಗಿರಲಾರದು. ಈ ನಡುವೆ, 1957ರ ಮಾರ್ಚ್ 13ರಂದು, ಬಿಬಿಸಿ ಹೌಸಾ ಪ್ರಸಾರ ಆರಂಭಿಸಿತು. ಆಮೇಲೆ ಜರ್ಮನಿಯ, ಅಮೆರಿಕದ ಬಾನುಲಿಗಳೂ ಹೌಸಾದಲ್ಲಿ ಮಾತಾಡತೊಡಗಿದವು. ಮುದ್ರಿತ ಪತ್ರಿಕೆ ಮುಟ್ಟಲಾರದ ಹಳ್ಳಿಗಳನ್ನು, ನೈಜರ್ ದೇಶದ ಕುರಿಗಾಹಿಗಳನ್ನು, ಘಾನಾದ ವಲಸೆ ವ್ಯಾಪಾರಿಗಳನ್ನು ಟ್ರಾನ್ಸಿಸ್ಟರ್ ಮುಟ್ಟಿತು. ಹೌಸಾ ಪತ್ರಿಕೋದ್ಯಮದ ಇತಿಹಾಸವನ್ನು ಇಲ್ಲಿಂದಲೇ ಆರಂಭಿಸುವುದು ಹಲವರ ರೂಢಿ, ಏಕೆಂದರೆ ಅದರ ಪ್ರಸಿದ್ಧ ದನಿಗಳೆಲ್ಲ ರೇಡಿಯೊದವು. ಲಂಡನ್ನಿನ ಸ್ಟುಡಿಯೊದಲ್ಲಿ ಕೂತ ವಾರ್ತಾವಾಚಕನ ಕೈಗೆ ಬಂದದ್ದು ಮಾತ್ರ ಆಗಲೇ ಪಳಗಿದ ಭಾಷೆ. ಸಂಸತ್ತಿನ ಕಲಾಪವನ್ನೋ ಹತ್ತಿಯ ಧಾರಣೆಯನ್ನೋ ಹೇಗೆ ಹೇಳಬೇಕೆಂಬ ಮೊದಲ ತಿಣುಕಾಟ ಝಾರಿಯಾದಲ್ಲಿ ಮುಗಿದಿತ್ತು, ಅದೂ ಗಟ್ಟಿಯಾಗಿ ಓದಿದರೆ ಕಿವಿಗೆ ಒಗ್ಗುವ ಹೌಸಾದಲ್ಲೇ ಮುಗಿದಿತ್ತು.

ಇಮಾಮರು 1981ರ ಜೂನ್ 19ರಂದು, ಒಂದು ಶುಕ್ರವಾರ, ತೀರಿಕೊಂಡರು. ಅವರ ಆತ್ಮಕಥನದ ಬರಹಗಳನ್ನು ಅಬ್ದುರ್ರಹ್ಮಾನ್ ಮೋರಾ ಸಂಪಾದಿಸಿ 1989ರಲ್ಲಿ ಪ್ರಕಟಿಸಿದರು. ಲುಗಾರ್ಡ್ ಭೇಟಿಯ, ಗಸ್ಕಿಯಾದ ಒಳಗಿನ ಬದುಕಿನ ಬಗ್ಗೆ ನಮಗೆ ಸಿಗುವ ಬೆಲೆಬಾಳುವ ಆಕರ ಅದು. ಗಿಳಿಯ ಕಥೆಗಳು ಮರುಮುದ್ರಣವಾಗುತ್ತಲೇ ಇವೆ, ಆಗಲಿ. ಇಮಾಮರನ್ನು ತೂಗಿ ನೋಡಬಯಸುವವರು ಮಾತ್ರ ಆ ಮೂರು ಸಂಪುಟಗಳಿಗೆ ನಿಲ್ಲದೆ, ಯುದ್ಧಕಾಲದಿಂದ ಐವತ್ತರ ದಶಕದವರೆಗಿನ ಗಸ್ಕಿಯಾದ ಹಳೆಯ ಸಂಚಿಕೆಗಳನ್ನು ಪುಟಪುಟವಾಗಿ ಓದಬೇಕು, ಸಂಪಾದಕೀಯದಷ್ಟೇ ಗಮನವಿಟ್ಟು ಓದುಗರ ಕಾಗದಗಳನ್ನೂ ಓದಬೇಕು. ಸರ್ಕಾರದ ದನಿ ಎಲ್ಲಿಗೆ ನಿಲ್ಲುತ್ತದೆ, ಸಂಪಾದಕನದು ಎಲ್ಲಿ ಶುರುವಾಗುತ್ತದೆ, ಜನರದು ಎಲ್ಲಿ ಅವೆರಡನ್ನೂ ಮೀರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಪುಟಗಳಲ್ಲೇ.